ಕಾಮಾಲೆ ಅಂದ್ರೆ ಮಾತ್ರೆ ಶೀಟನ್ನೂ ತನ್ನಿ

ಮಳೆಗಾಲದಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ಶಿರಸಿ ಸುತ್ತಮುತ್ತ ಎಲ್ಲರೂ ಬೈಯುವುದು ನೀರನ್ನೇ. ಎಷ್ಟೋ ಸಲ ಅದು ಸರಿ. ಹೆಪಟೈಟಿಸ್ ಎ ಮತ್ತು ಇ ಕೆಟ್ಟ ನೀರಿನಿಂದಲೇ ಹರಡುತ್ತವೆ. ಇಲಿಜ್ವರದಲ್ಲೂ ಕಾಮಾಲೆ ಬರುತ್ತದೆ. ಆದರೆ ನುಂಗಿದ ಔಷಧಿಯೇ ಲಿವರ್‌ಗೆ ಪೆಟ್ಟು ಕೊಟ್ಟಿದ್ದರೆ ಅದನ್ನು ಹಿಡಿದುಕೊಡುವ ರಕ್ತ ಪರೀಕ್ಷೆ ಒಂದೂ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ಬಿಡುತ್ತಾ ಬರಬೇಕು. ಜೊತೆಗೆ ಯಾವ ಔಷಧಿ ಯಾವತ್ತು ಶುರುವಾಯಿತು, ಯಾವತ್ತು ನಿಂತಿತು ಅನ್ನುವುದು ಗೊತ್ತಾಗಬೇಕು.

ಸಿದ್ದಾಪುರ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆಯಿಲ್ಲ. "ಯಾವ ಔಷಧಿನೂ ತಗೊಳ್ತಾ ಇಲ್ಲ ಡಾಕ್ಟ್ರೇ" ಎಂದರು. ಸ್ಕ್ಯಾನಿಂಗ್‌ನಲ್ಲಿ ಕಲ್ಲಿಲ್ಲ, ಪಿತ್ತನಾಳ ಊದಿಲ್ಲ. ವೈರಸ್ ಪರೀಕ್ಷೆಗಳೆಲ್ಲ ನೆಗೆಟಿವ್. ಲಿವರ್ ಕೋಶಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಸ್ವಲ್ಪವೇ ಏರಿತ್ತು, ಪಿತ್ತಕ್ಕೆ ತಡೆಯಾದರೆ ಏರುವ ಅಲ್ಕಲೈನ್ ಫಾಸ್ಫಟೇಸ್ ಮಾತ್ರ ವಿಪರೀತ.

ಇಲ್ಲಿ ನಾವೊಂದು ಲೆಕ್ಕ ಹಾಕುತ್ತೇವೆ. ಎರಡೂ ತಮ್ಮ ಮಾಮೂಲಿ ಮಿತಿಗಿಂತ ಎಷ್ಟು ಪಟ್ಟು ಏರಿವೆ ಎಂದು ನೋಡಿ, ಎಸ್‌ಜಿಪಿಟಿಯ ಪಟ್ಟನ್ನು ಅಲ್ಕಲೈನ್ ಫಾಸ್ಫಟೇಸ್‌ನ ಪಟ್ಟಿನಿಂದ ಭಾಗಿಸುತ್ತೇವೆ. ಉತ್ತರ 5 ಅಥವಾ ಹೆಚ್ಚಿದ್ದರೆ ಲಿವರ್ ಕೋಶಗಳಿಗೇ ಏಟು. 2 ಅಥವಾ ಕಡಿಮೆಯಿದ್ದರೆ ಪಿತ್ತ ಹರಿಯುವುದಕ್ಕೆ ತಡೆ. ಇವರದು ಎರಡನೆಯ ಬಗೆ.

ಆಗ ಸೊಸೆಗೆ ನೆನಪಾಯಿತು. "ಹಲ್ಲು ಕೀಳಿಸಿದಾಗ ಗುಳಿಗೆ ಕೊಟ್ಟಿದ್ರಲ್ಲ?" ಖಾಲಿ ಶೀಟು ಮನೆಯ ಡಬ್ಬಿಯಲ್ಲೇ ಉಳಿದಿತ್ತು: ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್. ಕೋರ್ಸ್ ಮುಗಿದು ಮೂರು ವಾರವಾಗಿತ್ತು. ಈ ಆಂಟಿಬಯೋಟಿಕ್ ನಿಲ್ಲಿಸಿದ ವಾರಗಳ ಮೇಲೂ ಕಾಮಾಲೆ ತರಬಲ್ಲದು, ವಯಸ್ಸಾದ ಗಂಡಸರಲ್ಲಿ ಜಾಸ್ತಿ. ಅದಕ್ಕೇ "ಈಗ ಏನು ತಗೊಳ್ತಿದ್ದೀರಿ" ಎಂದು ಕೇಳಿದರೆ ಸಾಲದು. ಹಿಂದಿನ ಮೂರು ತಿಂಗಳನ್ನಾದರೂ ಕೆದಕಬೇಕು. ಅವರು ನಿಧಾನಕ್ಕೆ ಗುಣವಾದರು. ಆ ಔಷಧಿಯ ಹೆಸರನ್ನು ಅವರ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ಮತ್ತೆ ಕೊಟ್ಟರೆ ಇನ್ನೂ ಜೋರಾಗಿ ಮರಳಬಹುದು.

ಕಷಾಯವನ್ನು ನಮ್ಮ ಜನ ಔಷಧಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿತ್ತಲ ಗಿಡ ಅಲ್ವಾ! ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಕುಡಿದಿದ್ದರೆ ಹೇಳಿ, ನಾನಂತೂ ಬೈಯುವುದಿಲ್ಲ.

ನಮ್ಮಲ್ಲಿ ಹೆಚ್ಚು ಕಾಣುವುದು ಟಿಬಿ ಔಷಧಿಯಿಂದಾಗುವ ಹಾನಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು. ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಇದ್ದು ಎಸ್‌ಜಿಪಿಟಿ ಮಿತಿಯ 3 ಪಟ್ಟು ದಾಟಿದರೆ ನಾವು ನಿಲ್ಲಿಸುತ್ತೇವೆ. ಏನೂ ತೊಂದರೆ ಕಾಣದಿದ್ದರೂ 5 ಪಟ್ಟು ದಾಟಿದರೆ ನಿಲ್ಲಿಸುತ್ತೇವೆ. ಇಂಥ ತೊಂದರೆ ಕಂಡ ದಿನವೇ ಬನ್ನಿ, ಸುಮ್ನೆ ನೀವೇ ಔಷಧಿ ಬಿಟ್ಟು ಮನೆಯಲ್ಲೇ ಕೂರಬೇಡಿ. ಲಿವರ್ ಸುಧಾರಿಸಿದ ಮೇಲೆ ಒಂದೊಂದೇ ಔಷಧಿಯನ್ನು ಮತ್ತೆ ಶುರು ಮಾಡಿ, ನಡುನಡುವೆ ರಕ್ತ ನೋಡುತ್ತೇವೆ. ಯಾವುದನ್ನು ಕೊಟ್ಟಾಗ ಎಸ್‌ಜಿಪಿಟಿ ಮತ್ತೆ ಏರುತ್ತದೋ ಅದನ್ನು ಬಿಟ್ಟು, ಉಳಿದವುಗಳಿಂದಲೇ ಟಿಬಿ ಚಿಕಿತ್ಸೆ ಮುಂದುವರಿಸುತ್ತೇವೆ.