ಸುತ್ತು ಹೆಚ್ಚಿಸಿದರೆ ಸಾಕೇ? ವಿದ್ಯುತ್ಕಾಂತ ಬಲವಾದ ಕತೆ

ವಿದ್ಯುತ್ಕಾಂತದ ಬಲ ಹೆಚ್ಚಬೇಕಾದರೆ ಏನು ಮಾಡಬೇಕು? ಹೈಸ್ಕೂಲಿನ ಮಕ್ಕಳನ್ನು ಕೇಳಿದರೆ ಉತ್ತರ ತಯಾರಿರುತ್ತದೆ: ತಂತಿಯ ಸುತ್ತು ಜಾಸ್ತಿ ಮಾಡಬೇಕು. ತಪ್ಪೇನಲ್ಲ, ಆದರೆ ಇದು ಅರ್ಧ ಉತ್ತರ. ಉಳಿದರ್ಧ ಹೇಗೆ ಗೊತ್ತಾಯಿತು ಅನ್ನುವುದನ್ನು ಪಾಠದ ಜೊತೆಗೇ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಒಂದು ವಿಷಯ ಕಂಡುಕೊಂಡರು. ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಹೊರಳುತ್ತದೆ. ಅದೇ ವರ್ಷ ಫ್ರಾನ್ಸಿನ ಆಂಪಿಯರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಂತಿಯನ್ನು ಸುರುಳಿ ಸುತ್ತಿದರೆ ಒಂದೊಂದು ಸುತ್ತಿನ ಪ್ರಭಾವವೂ ಕೂಡಿಕೊಳ್ಳುತ್ತದೆ. ಆದರೂ ಬರೀ ಸುರುಳಿಯ ಬಲ ಅಷ್ಟಕ್ಕಷ್ಟೇ.

ಅದರೊಳಗೆ ಕಬ್ಬಿಣ ಇಟ್ಟವರು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್. ಚಪ್ಪಲಿ ಹೊಲಿಯುವ ಕೆಲಸ ಕಲಿತು, ಸೈನ್ಯ ಸೇರಿ, ವಿಜ್ಞಾನವನ್ನು ತಾವೇ ಓದಿಕೊಂಡವರು. ಕುದುರೆ ಲಾಳದಂತೆ ಬಾಗಿಸಿದ, ಸುಮಾರು 200 ಗ್ರಾಂ ತೂಕದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಮೇಲೆ 18 ಸುತ್ತು ತಾಮ್ರದ ತಂತಿ ಸುತ್ತಿದರು. 1825ರಲ್ಲಿ ಅದು ಸುಮಾರು 4 ಕಿಲೋ ಎತ್ತಿ ತೋರಿಸಿತು. ಕರೆಂಟ್ ನಿಲ್ಲಿಸಿದರೆ ಭಾರ ಕೆಳಗೆ ಬೀಳುತ್ತಿತ್ತು. ಮೆದು ಕಬ್ಬಿಣದ ಗುಣವೇ ಅದು. ಉಕ್ಕಾಗಿದ್ದರೆ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

ಕಬ್ಬಿಣ ಮಾಡುವುದೇನು? ಅದರೊಳಗೆ ಪುಟ್ಟ ಪುಟ್ಟ ಕಾಂತೀಯ ವಲಯಗಳಿವೆ. ಜಾತ್ರೆಯಲ್ಲಿ ದಿಕ್ಕಿಗೊಬ್ಬರಂತೆ ನೋಡುತ್ತಿದ್ದ ಜನ ತೇರು ಹೊರಟ ಕೂಡಲೇ ಒಂದೇ ಕಡೆ ತಿರುಗುವ ಹಾಗೆ, ಕರೆಂಟ್ ಹರಿದಾಗ ಅವು ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಬಲದ ಬಹುಪಾಲು ಬರುವುದು ಅಲ್ಲಿಂದ.

ಸ್ಟರ್ಜನ್‌ಗಿದ್ದ ತೊಡಕು ಹೊದಿಕೆಯಿಲ್ಲದ ತಂತಿ. ಸುತ್ತುಗಳು ಒಂದಕ್ಕೊಂದು ತಗಲಿದರೆ ಶಾರ್ಟ್ ಆಗುತ್ತದೆ, ಹಾಗಾಗಿ ದೂರ ದೂರ ಸುತ್ತಬೇಕಿತ್ತು. ಅಮೆರಿಕದ ಆಲ್ಬನಿಯಲ್ಲಿ ಮೇಷ್ಟರಾಗಿದ್ದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಹೊದಿಸಿದರು. ಈಗ ಒತ್ತೊತ್ತಾಗಿ, ಪದರದ ಮೇಲೆ ಪದರ ಸುತ್ತಬಹುದು. 1831ರಲ್ಲಿ ಯೇಲ್ ಕಾಲೇಜಿಗೆ ಅವರು ಮಾಡಿಕೊಟ್ಟ ವಿದ್ಯುತ್ಕಾಂತ 900 ಕಿಲೋಗೂ ಜಾಸ್ತಿ ಎತ್ತಿತು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬಲ ನಿಂತಿರುವುದು ಸುತ್ತು ಮತ್ತು ಕರೆಂಟ್ ಎರಡರ ಗುಣಲಬ್ಧದ ಮೇಲೆ. 50 ಸುತ್ತಿನಲ್ಲಿ 2 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ಅದೇ ತಂತಿಯನ್ನು ಮುಂದುವರಿಸಿ 100 ಸುತ್ತು ಮಾಡಿದರೆ ಉದ್ದ ಎರಡರಷ್ಟು, ರೋಧವೂ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆಯೂ, ಎರಡರಷ್ಟು. ವೋಲ್ಟೇಜ್ ಬದಲಾಗದಿದ್ದರೆ ಕರೆಂಟ್ 1 ಆಂಪಿಯರಿಗೆ ಇಳಿಯುತ್ತದೆ. 50 ಗುಣಿಸು 2, 100 ಗುಣಿಸು 1, ಎರಡೂ ಒಂದೇ ಅಲ್ವಾ? ಮೊಳೆಗೆ ತಂತಿ ಸುತ್ತಿ ಗುಂಡುಪಿನ್ನು ಎತ್ತುವಾಗ ಮೊದಮೊದಲು ಸುತ್ತು ಹೆಚ್ಚಿಸಿದಷ್ಟೂ ಬಲ ಹೆಚ್ಚುತ್ತದೆ, ಯಾಕೆಂದರೆ ಆಗ ಕರೆಂಟನ್ನು ತಡೆಯುವುದು ಮುಖ್ಯವಾಗಿ ಸೆಲ್ಲಿನ ಒಳಗಿನ ರೋಧ. ತಂತಿಯ ರೋಧ ಅದನ್ನು ಮೀರಿದ ಮೇಲೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ.

ಹೆನ್ರಿ ಇದಕ್ಕೆ ಎರಡು ದಾರಿ ಹುಡುಕಿದರು. ಭಾರ ಎತ್ತಲು ಹಲವು ಚಿಕ್ಕ ತಂತಿಗಳನ್ನು ಬೇರೆ ಬೇರೆಯಾಗಿ ಸುತ್ತಿ ಒಂದೇ ದೊಡ್ಡ ಸೆಲ್ಲಿಗೆ ಜೋಡಿಸುವುದು. ದೂರಕ್ಕೆ ಸಂಕೇತ ಕಳಿಸಲು ಒಂದೇ ಉದ್ದ ತಂತಿ ಸುತ್ತಿ, ಸಾಲು ಸೆಲ್ಲುಗಳ ಬ್ಯಾಟರಿ ಹಾಕುವುದು. ಈ ಎರಡನೆಯ ದಾರಿಯಲ್ಲೇ ಅವರು ಒಂದು ಮೈಲಿಗೂ ಉದ್ದದ ತಂತಿಯ ತುದಿಯಲ್ಲಿ ಗಂಟೆ ಬಾರಿಸಿದರು. ಟೆಲಿಗ್ರಾಫ್ ಬೆಳೆದದ್ದು ಇದರ ಮೇಲೆ.

ನಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲೂ ಇದೇ ಲೆಕ್ಕ. ಸುಟ್ಟ ಮೋಟಾರಿನ ಹಳೆ ತಂತಿ ಕಿತ್ತ ಮೇಲೆ ಸುತ್ತುಗಳನ್ನೂ ಎಣಿಸುತ್ತಾರೆ, ತಂತಿಯ ಗೇಜನ್ನೂ (ದಪ್ಪದ ಅಳತೆ) ನೋಡುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಮೋಟಾರ್ ಬಿಸಿಯಾಗುತ್ತದೆ, ಇಲ್ಲವೇ ಎಳೆಯುವುದಿಲ್ಲ.

ಆಮೇಲೆ ಅಡ್ಡ ಬಂದದ್ದು ಕಬ್ಬಿಣವೇ. ಕಾಂತಕ್ಷೇತ್ರವನ್ನು ಅಳೆಯುವುದು ಟೆಸ್ಲಾದಲ್ಲಿ; ಸುಮಾರು 2 ಟೆಸ್ಲಾ ದಾಟುವಷ್ಟರಲ್ಲಿ ಅದರೊಳಗಿನ ವಲಯಗಳೆಲ್ಲ ತಿರುಗಿ ಮುಗಿದಿರುತ್ತವೆ. ಅಲ್ಲಿಂದಾಚೆ ಕರೆಂಟನ್ನೇ ನಂಬಬೇಕು. ಆದರೆ ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ತಾಮ್ರ ತಡೆಯುವುದಿಲ್ಲ.

1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್, ಕಡು ಚಳಿಯಲ್ಲಿ ಪಾದರಸದ ರೋಧ ಇಲ್ಲವಾಗುವುದನ್ನು ಕಂಡರು. ಈ ಗುಣದ ಲೋಹಗಳ ತಂತಿಯನ್ನೇ ಈಗ ಆಸ್ಪತ್ರೆಗಳ 1.5 ಮತ್ತು 3 ಟೆಸ್ಲಾ ಎಂಆರ್‌ಐ ಯಂತ್ರಗಳಲ್ಲಿ ಸುತ್ತಿರುತ್ತಾರೆ. ಅವಕ್ಕೂ ಮಿತಿಯಿದೆ: ಕಾಂತಕ್ಷೇತ್ರ ತೀರಾ ಹೆಚ್ಚಾದರೆ ತಂತಿಯ ಆ ಗುಣವೇ ಹೋಗಿಬಿಡುತ್ತದೆ. ಚಳಿ ಹೆಚ್ಚಿದಷ್ಟೂ ಕಾಂತಕ್ಷೇತ್ರವನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚು. ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 8 ಟೆಸ್ಲಾ ದಾಟುವ ಕಾಂತಗಳನ್ನು ಮೈನಸ್ 271 ಡಿಗ್ರಿಯಲ್ಲಿ ಇಡುವುದು ಅದಕ್ಕೇ.