ಥ್ರಿಲ್ಲರ್ ಓಪನಿಂಗ್: ಮೊದಲ ಎರಡು ನಿಮಿಷದ ಲೆಕ್ಕಾಚಾರ

ಸಿನಿಮಾ ಶುರುವಾದ ಕ್ಷಣದಿಂದ ಕಥೆಗೆ ಒಂದು ದಿಕ್ಕು ಸಿಗುವವರೆಗಿನ ಭಾಗಕ್ಕೆ ಓಪನಿಂಗ್ ಎನ್ನುತ್ತಾರೆ. ದೃಶ್ಯ, ಸದ್ದು, ಟೈಟಲ್ ಮೂರೂ ಅದರೊಳಗೇ ಬರುತ್ತವೆ. ಥ್ರಿಲ್ಲರ್‌ನಲ್ಲಿ ಈ ಭಾಗಕ್ಕೆ ಖಚಿತವಾದ ಒಂದು ಹೊಣೆಯಿದೆ: ನೋಡುವವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿಸಬೇಕು, ಉತ್ತರ ಮಾತ್ರ ಬಚ್ಚಿಟ್ಟುಕೊಳ್ಳಬೇಕು. ಕತ್ತಲು, ಚಾಕು, ಓಟ, ಕಿರುಚಾಟ ಎಲ್ಲ ಇದ್ದೂ ಪ್ರಶ್ನೆಯೇ ಹುಟ್ಟದಿದ್ದರೆ ಅದು ಥ್ರಿಲ್ಲರ್ ಓಪನಿಂಗ್ ಅನ್ನಿಸಿಕೊಳ್ಳುವುದಿಲ್ಲ. ಮಟಮಟ ಮಧ್ಯಾಹ್ನ ಒಬ್ಬ ಟೀ ಮಾಡುತ್ತಿರುವುದನ್ನು ತೋರಿಸಿದರೂ 'ಇವನಿಗೆ ಇಲ್ಲೇನು ಕೆಲಸ?' ಅಂತ ನೋಡುಗರಿಗೆ ಅನ್ನಿಸಿದರೆ ಸಾಕು.

ಮೀಡಿಯಾ ವಿದ್ಯಾರ್ಥಿಗಳ ನಡುವೆ 'ಥ್ರಿಲ್ಲರ್ ಓಪನಿಂಗ್' ಎಂಬ ಮಾತು ಇಷ್ಟು ಬಳಕೆಗೆ ಬರಲು ಬ್ರಿಟನ್ನಿನ ಎ-ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಮೀಡಿಯಾ ಸ್ಟಡೀಸ್ ದೊಡ್ಡ ಕಾರಣ. ಅಲ್ಲಿನ ಓಸಿಆರ್ ಪರೀಕ್ಷಾ ಮಂಡಳಿ 2008ರಲ್ಲಿ ತಂದ ಪಠ್ಯಕ್ರಮದ ಎಎಸ್ ಹಂತದಲ್ಲಿ, ಅಂದರೆ ಎ-ಲೆವೆಲ್‌ನ ಮೊದಲ ಭಾಗದಲ್ಲಿ, ವಿಡಿಯೋ ಆರಿಸಿಕೊಂಡವರಿಗೆ ಕೊಡುತ್ತಿದ್ದ ಕೋರ್ಸ್‌ವರ್ಕ್ ಇದೇ: ಹೊಸ ಕಥಾಚಿತ್ರವೊಂದರ ಟೈಟಲ್ ಮತ್ತು ಆರಂಭ, ಹೆಚ್ಚೆಂದರೆ ಎರಡು ನಿಮಿಷ. 100 ಅಂಕಗಳಲ್ಲಿ 20 ಸಂಶೋಧನೆ ಮತ್ತು ಯೋಜನೆಗೆ, 60 ನಿರ್ಮಾಣಕ್ಕೆ, 20 ತಮ್ಮ ಕೆಲಸವನ್ನು ತಾವೇ ವಿಮರ್ಶಿಸಿ ಬರೆಯುವುದಕ್ಕೆ. ಚಿತ್ರ, ಧ್ವನಿ ಎಲ್ಲ ಸ್ವಂತದ್ದೇ ಆಗಬೇಕಿತ್ತು. ಸಂಗೀತ ಮತ್ತು ಸೌಂಡ್ ಎಫೆಕ್ಟ್ ಮಾತ್ರ ಕಾಪಿರೈಟ್ ಇಲ್ಲದ ಕಡೆಯಿಂದ ತರಬಹುದಿತ್ತು. ಯಾವ ಪ್ರಕಾರದ ಸಿನಿಮಾ ಎನ್ನುವುದು ಅವರವರ ಆಯ್ಕೆ, ಆದರೂ ಥ್ರಿಲ್ಲರ್ ಕಡೆ ಒಲವು ಸಹಜ. ಸೆಟ್ಟು, ಜನಜಂಗುಳಿ, ಗ್ರಾಫಿಕ್ಸ್ ಏನೂ ಇಲ್ಲದೆ ಒಂದು ಕೋಣೆ, ಇಬ್ಬರು ನಟರು, ಒಂದು ಟ್ರೈಪಾಡ್ ಇಟ್ಟುಕೊಂಡು ಮಾಡಬಹುದಾದದ್ದು ಇದು.

ಓಪನಿಂಗ್ ಎಂದರೆ ಟ್ರೇಲರ್ ಅಲ್ಲ ಎನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಟ್ರೇಲರ್ ಇಡೀ ಚಿತ್ರದ ತುಣುಕುಗಳನ್ನು ಹೆಕ್ಕಿ ಜೋಡಿಸುತ್ತದೆ. ಓಪನಿಂಗ್‌ನಲ್ಲಿ ಕಾಲ ಮುಂದಕ್ಕೆ ಹರಿಯುತ್ತದೆ, ಒಂದು ಸನ್ನಿವೇಶ ಬೆಳೆಯುತ್ತದೆ. ಹಾಗೆಯೇ ಅದು ಕಿರುಚಿತ್ರವೂ ಅಲ್ಲ. ಎರಡು ನಿಮಿಷದ ಕೊನೆಗೆ ಕೊಲೆಗಾರ ಸಿಕ್ಕಿಬಿದ್ದರೆ ಮುಂದಿನ ನೂರು ನಿಮಿಷಕ್ಕೆ ಉಳಿಯುವುದೇನು? ವಿದ್ಯಾರ್ಥಿಗಳ ಕೆಲಸದಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇವೆರಡೇ, ಮತ್ತು ಇವೆರಡೂ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ, ಕಾಗದದ ಮೇಲೆ ಆಗುವ ತಪ್ಪುಗಳು.

ಪ್ರಶ್ನೆ ಹುಟ್ಟಿಸುವುದು ಅಂದರೆ ಏನು? ಯಾರಿಗೆ ಏನು ಗೊತ್ತು, ಯಾವಾಗ ಗೊತ್ತು ಎನ್ನುವುದನ್ನು ಹಂಚುವುದು. ಪಾತ್ರಕ್ಕೆ ಗೊತ್ತಿಲ್ಲದ್ದು ನಮಗೆ ಗೊತ್ತಿದ್ದರೆ ಸಸ್ಪೆನ್ಸ್. ಪಾತ್ರಕ್ಕೆ ಗೊತ್ತಿದ್ದು ನಮಗೆ ತಿಳಿಯದಿದ್ದರೆ ನಿಗೂಢ. ಇಬ್ಬರಿಗೂ ಗೊತ್ತಿಲ್ಲದೆ ದಿಢೀರನೆ ಎರಗಿದರೆ ಆಘಾತ. ಆಘಾತ ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಸಸ್ಪೆನ್ಸನ್ನು ನಿಮಿಷಗಟ್ಟಲೆ ಎಳೆಯಬಹುದು. ಆರ್ಸನ್ ವೆಲ್ಸ್ ನಿರ್ದೇಶನದ 'ಟಚ್ ಆಫ್ ಈವಿಲ್' (1958) ಚಿತ್ರದ ಮೊದಲ ಶಾಟ್ (ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದ ತುಣುಕು) ಇದಕ್ಕೆ ಪಾಠದಂತಿದೆ. ಒಂದು ಕೈ ಬಾಂಬಿನ ಟೈಮರ್ ತಿರುಗಿಸುತ್ತದೆ, ಬಾಂಬು ಕಾರಿನ ಡಿಕ್ಕಿ ಸೇರುತ್ತದೆ, ಏನೂ ಅರಿಯದ ಇಬ್ಬರು ಅದೇ ಕಾರು ಹತ್ತುತ್ತಾರೆ. ಇದೂ ಸೇರಿ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಒಂದೂ ಕಟ್ ಇಲ್ಲ. ಕ್ರೇನ್ ಮೇಲಿನ ಕ್ಯಾಮೆರಾ ಮೆಕ್ಸಿಕೋ ಗಡಿಯ ಪೇಟೆಯ ಬೀದಿಗಳಲ್ಲಿ ಸಾಗುತ್ತದೆ. ನಡೆದು ಹೋಗುತ್ತಿರುವ ಹೊಸ ದಂಪತಿಯ ಹತ್ತಿರ ಆ ಕಾರು ಬರುತ್ತದೆ, ದೂರವಾಗುತ್ತದೆ, ಮತ್ತೆ ಬರುತ್ತದೆ. ಗಡಿಯ ಚೆಕ್‌ಪೋಸ್ಟ್‌ನಲ್ಲಿ ಕಾರಿನೊಳಗಿನ ಹೆಂಗಸು ತನ್ನ ತಲೆಯಲ್ಲೇನೋ ಟಿಕ್ ಟಿಕ್ ಸದ್ದು ಎನ್ನುತ್ತಾಳೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೀದಿಯಲ್ಲಿ ನಡೆಯುತ್ತಿರುವುದೆಲ್ಲ ಮಾಮೂಲಿ ವ್ಯವಹಾರ. ನಮಗೆ ಗೊತ್ತಿರುವ ಆ ಒಂದೇ ಸಂಗತಿ ಅದೆಲ್ಲವನ್ನೂ ಅಸಹನೀಯವಾಗಿಸುತ್ತದೆ.

ಇದೇ ಶಾಟ್‌ನ ಎರಡು ರೂಪ ನೋಡಲು ಸಿಗುತ್ತದೆ ಎನ್ನುವುದು ವಿದ್ಯಾರ್ಥಿಗಳ ಭಾಗ್ಯ. 1958ರ ಬಿಡುಗಡೆಯಲ್ಲಿ ಸ್ಟುಡಿಯೋದವರು ಶಾಟ್‌ನ ಮೇಲೆ ಟೈಟಲ್‌ಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹಾಕಿದ್ದರು. ವೆಲ್ಸ್ ಬರೆದಿಟ್ಟಿದ್ದ 58 ಪುಟಗಳ ಟಿಪ್ಪಣಿಯನ್ನು ಅನುಸರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದಾಗ ಟೈಟಲ್‌ಗಳು ಹೋದವು, ಸಂಗೀತದ ಜಾಗಕ್ಕೆ ಬೀದಿಬದಿಯ ಕ್ಲಬ್ಬುಗಳಿಂದ, ಕಾರಿನ ರೇಡಿಯೋದಿಂದ ಹೊಮ್ಮುವ ಸದ್ದು ಬಂತು. ಒಂದರ ಹಿಂದೆ ಒಂದು ನೋಡಿದರೆ ಟೈಟಲ್ ಕಣ್ಣನ್ನು ಎಷ್ಟು ಸೆಳೆಯುತ್ತದೆ, ಸಂಗೀತ ಆತಂಕವನ್ನು ಎಲ್ಲಿ ಬೆಳೆಸುತ್ತದೆ, ಎಲ್ಲಿ ಮುಚ್ಚಿಹಾಕುತ್ತದೆ ಎಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಟೈಟಲ್ ಅಕ್ಷರಗಳೇ ಕಥೆ ಹೇಳುವ ಉದಾಹರಣೆಗೆ ಡೇವಿಡ್ ಫಿಂಚರ್ ಅವರ 'ಸೆವೆನ್' (1995) ನೋಡಬೇಕು. ಅಲ್ಲಿ ಮೊದಲು ಪತ್ತೇದಾರರ ಒಂದು ಚಿಕ್ಕ ಭಾಗ ಬರುತ್ತದೆ, ಆಮೇಲೆ ಕೈಲ್ ಕೂಪರ್ ರೂಪಿಸಿದ ಟೈಟಲ್ ಸೀಕ್ವೆನ್ಸ್. ಮುಖ ಕಾಣದ ಯಾರದೋ ಕೈಗಳು ನೋಟ್‌ಪುಸ್ತಕ ಹೊಲಿಯುತ್ತವೆ, ಫೋಟೋ ಕತ್ತರಿಸುತ್ತವೆ, ಬ್ಲೇಡಿನಿಂದ ಬೆರಳ ತುದಿಯ ಚರ್ಮ ಹೆರೆಯುತ್ತವೆ. ಗೀಚಿದಂತಿರುವ ಅಕ್ಷರಗಳು ನಡುಗುತ್ತವೆ. ಇಷ್ಟು ಹತ್ತಿರದಿಂದ ಅವನನ್ನು ನೋಡಿಯೂ ಅವನು ಯಾರೆಂದು ತಿಳಿಯುವುದಿಲ್ಲ. ಕೊಲೆಗಾರನ ಪಾತ್ರ ಮಾಡಿದ ಕೆವಿನ್ ಸ್ಪೇಸಿ ಹೆಸರನ್ನು ಆರಂಭದ ಟೈಟಲ್‌ಗಳಿಂದಲೇ ಕೈಬಿಟ್ಟಿದ್ದಾರೆ, ಹೆಸರು ಕಂಡರೂ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ ಎಂದು. ಮಾಹಿತಿಯ ಹಂಚಿಕೆ ಎಂದರೆ ಇಷ್ಟು ಕಟ್ಟುನಿಟ್ಟು.

ವಿಶ್ಲೇಷಣೆ ಬರೆಯುವಾಗ 'ಲೋ ಆ್ಯಂಗಲ್ ಶಾಟ್ (ಕೆಳಗಿನಿಂದ ಮೇಲಕ್ಕೆ ನೋಡುವ ಶಾಟ್) ಪಾತ್ರವನ್ನು ಬಲಿಷ್ಠವಾಗಿ ತೋರಿಸುತ್ತದೆ' ಎಂಬಂಥ ಸಿದ್ಧವಾಕ್ಯಗಳಿಂದ ದೂರವಿರುವುದು ಒಳ್ಳೆಯದು. ಒಂದೇ ಓಪನಿಂಗನ್ನು ನಾಲ್ಕು ಸಲ ನೋಡಿ. ಮೊದಲು ಸುಮ್ಮನೆ ಪ್ರೇಕ್ಷಕರಾಗಿ. ಎರಡನೆಯ ಸಲ ಸೌಂಡ್ ಪೂರ್ತಿ ತೆಗೆದು. ಮೂರನೆಯ ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ನಾಲ್ಕನೆಯ ಸಲ ಪ್ರತಿ ಕಟ್‌ಗೆ ನಿಲ್ಲಿಸುತ್ತ ಕೋಷ್ಟಕ ತುಂಬಿ: ಸಮಯ, ಶಾಟ್ ಅಳತೆ (ಹತ್ತಿರದ್ದೋ ದೂರದ್ದೋ), ಕ್ಯಾಮೆರಾ ಚಲನೆ, ಸದ್ದು, ಟೈಟಲ್. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: 'ಈ ಶಾಟ್‌ನಿಂದ ನನಗೆ ಹೊಸದಾಗಿ ಗೊತ್ತಾದದ್ದೇನು, ಇನ್ನೂ ಗೊತ್ತಾಗದೆ ಉಳಿದದ್ದೇನು?' ಈ ಕಾಲಂ ತುಂಬಿದವರಿಗೆ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1970ರಲ್ಲಿ 'ಎಸ್/ಝೆಡ್'ನಲ್ಲಿ ಹೇಳಿದ ಹರ್ಮೆನ್ಯೂಟಿಕ್ ಕೋಡ್, ಅಂದರೆ ತರಗತಿಗಳಲ್ಲಿ ಎನಿಗ್ಮಾ ಕೋಡ್ ಎಂದು ಕರೆಯುವುದು (ಪ್ರಶ್ನೆ ಎಬ್ಬಿಸಿ ಉತ್ತರ ತಡೆದಿಡುವ ಕಥನದ ಜಾಡು), ಬಾಯಿಪಾಠ ಮಾಡದೆಯೇ ಅರ್ಥವಾಗುತ್ತದೆ. ಒಟ್ಟು ಸೆಕೆಂಡನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಶಾಟ್ ಉದ್ದ ಸಿಗುತ್ತದೆ. 120 ಸೆಕೆಂಡಿಗೆ 30 ಶಾಟ್ ಇದ್ದರೆ 4 ಸೆಕೆಂಡ್. ಆದರೆ ಸರಾಸರಿಗಿಂತ ಅದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದರಲ್ಲಿ ಹುರುಳಿದೆ. ನಮ್ಮ ಸಿನಿಮಾಗಳನ್ನು ಹೀಗೆ ಅಳೆಯುವಾಗ ಸೆನ್ಸಾರ್ ಸರ್ಟಿಫಿಕೇಟ್, ತಂಬಾಕಿನ ಎಚ್ಚರಿಕೆ, ಕೃತಜ್ಞತೆಯ ಕಾರ್ಡ್‌ಗಳು ಮುಗಿದ ಮೇಲೆ ಸ್ಟಾಪ್‌ವಾಚ್ ಒತ್ತಿ.

ಈಗ ಯೋಜನೆಗೆ ಬರೋಣ. ಒಂದು ಮಾದರಿ ಇಟ್ಟುಕೊಳ್ಳೋಣ. ಹಳೆಯ ಫ್ಲ್ಯಾಟ್ ಕಟ್ಟಡದ ಕಾರಿಡಾರಿನಲ್ಲಿ ಒಬ್ಬ ಗಂಡಸು ಒಂದೇ ಕೀಲಿಯನ್ನು ಬಾಗಿಲಿನಿಂದ ಬಾಗಿಲಿಗೆ ಹಾಕಿ ನೋಡುತ್ತಿದ್ದಾನೆ. ಎರಡು ಬಾಗಿಲು ತೆರೆಯುವುದಿಲ್ಲ, ಮೂರನೆಯದು ತೆರೆಯುತ್ತದೆ. ಒಳಗೆ ಕಾಲಿಟ್ಟವನು ಗೋಡೆಯ ಕಡೆ ನೋಡದೆಯೇ ಕೈಚಾಚಿ ಲೈಟ್ ಸ್ವಿಚ್ ಒತ್ತುತ್ತಾನೆ. ಟೀಗೆ ನೀರಿಟ್ಟು ಎರಡು ಕಪ್ ತೆಗೆದಿಡುತ್ತಾನೆ. ಅದೇ ಹೊತ್ತಿಗೆ ಒಬ್ಬಳು ಸಾಮಾನಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ಬಾಗಿಲಿಗೆ ಬಂದು ಕೀಲಿ ಹಾಕಲು ಹೋದರೆ ಅದು ಆಗಲೇ ತೆರೆದಿದೆ. ಒಳಗೆ ಅವನು ಎರಡನೆಯ ಕಪ್ಪಿಗೆ ಮಾತ್ರ ಎರಡು ಚಮಚ ಸಕ್ಕರೆ ಹಾಕುತ್ತಾನೆ. ಆಗ ಪರದೆಯ ಮೇಲೆ ಚಿತ್ರದ ಹೆಸರು ಬರುತ್ತದೆ.

ಮನೆ ಯಾವುದೆಂದು ಗೊತ್ತಿಲ್ಲದವನಿಗೆ ಸ್ವಿಚ್ ಎಲ್ಲಿದೆ ಎಂದು ಹೇಗೆ ಗೊತ್ತು? ಇಡೀ ಓಪನಿಂಗ್ ನಿಂತಿರುವುದು ಈ ವಿರೋಧದ ಮೇಲೆ, ಹಾಗಾಗಿ ಸ್ವಿಚ್ಚಿನ ಶಾಟ್ ಕೈತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಅವನ ಮುಖ ಮತ್ತು ಕೈ ಒಂದೇ ಚೌಕಟ್ಟಿನಲ್ಲಿರಬೇಕು. ಕೈಯನ್ನು ಬೇರೆ ಕ್ಲೋಸ್‌ಅಪ್‌ನಲ್ಲಿ ತೋರಿಸಿದರೆ ಅವನು ನೋಡಿಯೇ ಒತ್ತಿದನೋ ನೋಡದೆ ಒತ್ತಿದನೋ ತಿಳಿಯುವುದಿಲ್ಲ. ಸ್ಟೋರಿಬೋರ್ಡ್ (ಶಾಟ್‌ಗಳನ್ನು ಒಂದೊಂದಾಗಿ ಬಿಡಿಸಿಟ್ಟ ಚಿತ್ರಸರಣಿ) ಬರೆಯುವುದು ಇಂಥ ತೀರ್ಮಾನಗಳಿಗಾಗಿ, ಚಂದದ ಚಿತ್ರಕ್ಕಲ್ಲ.

ಇದೇ ಸಾಮಗ್ರಿಯಲ್ಲಿ ಮೂರು ಬೇರೆ ಓಪನಿಂಗ್ ಅಡಗಿವೆ. ಹೆಂಗಸನ್ನು ಮೊದಲಿನಿಂದಲೂ ಅಡ್ಡಕಟ್ ಮಾಡಿ, ಅಂದರೆ ಅವನದೊಂದು ಅವಳದೊಂದು ಶಾಟ್ ಬದಲಿಸುತ್ತ ತೋರಿಸುತ್ತ ಬಂದರೆ ಸಸ್ಪೆನ್ಸ್. ಅವಳನ್ನು ತೋರಿಸದೆ ಕೊನೆಯಲ್ಲಿ ಬಾಗಿಲು ತಟ್ಟನೆ ತೆರೆದುಕೊಂಡರೆ ಆಘಾತ. ಗಂಡಸನ್ನೇ ತೋರಿಸದೆ, ಅವಳು ಒಳಗೆ ಬಂದಾಗ ಹಬೆಯಾಡುವ ಎರಡು ಕಪ್ ಮಾತ್ರ ಕಂಡರೆ ನಿಗೂಢ. ಯಾವುದು ಬೇಕೆಂದು ತೀರ್ಮಾನಿಸದೆ ಶೂಟಿಂಗಿಗೆ ಹೋದವರು ಎಡಿಟಿಂಗ್ ಮೇಜಿನಲ್ಲಿ ಮೂರನ್ನೂ ಕಲಸಿಬಿಡುತ್ತಾರೆ.

ಸಮಯದ ಹಂಚಿಕೆ ಹೀಗಿರಬಹುದು: ಕಾರಿಡಾರಿಗೆ 25 ಸೆಕೆಂಡ್, ನಾಲ್ಕೇ ಶಾಟ್. ಮನೆಯೊಳಗೆ 30 ಸೆಕೆಂಡ್. ಮೆಟ್ಟಿಲು ಮತ್ತು ಅಡುಗೆಮನೆಯ ಅಡ್ಡಕಟ್ 40 ಸೆಕೆಂಡ್, 14 ಶಾಟ್. ಬಾಗಿಲಲ್ಲಿ 15, ಸಕ್ಕರೆ ಮತ್ತು ಚಿತ್ರದ ಹೆಸರಿಗೆ 10. ನಿಧಾನದ ಆರಂಭ ಇದ್ದರಷ್ಟೇ ನಡುವಿನ ವೇಗ ವೇಗವೆನಿಸುತ್ತದೆ. ಬೋರ್ಡಿನ ಚಿತ್ರಗಳನ್ನು ಫೋನಿನಲ್ಲಿ ಫೋಟೋ ತೆಗೆದು, ಇದೇ ಅಳತೆಗೆ ಟೈಮ್‌ಲೈನಿನಲ್ಲಿ ಜೋಡಿಸಿ, ತಾತ್ಕಾಲಿಕ ಸದ್ದು ಸೇರಿಸಿದರೆ ಆನಿಮ್ಯಾಟಿಕ್, ಅಂದರೆ ಚಿತ್ರದ ಕಚ್ಚಾ ವಿಡಿಯೋ ರೂಪ, ಸಿದ್ಧ. ಎರಡು ನಿಮಿಷಕ್ಕೆ ಹಿಡಿಸದ ಕಥೆ ಇಲ್ಲೇ ಸಿಕ್ಕಿಬೀಳುತ್ತದೆ.

ಟೈಟಲ್‌ಗಳಿಗೆ ಮೊದಲೇ ಜಾಗ ಬಿಡಬೇಕು. ಸಾಮಾನ್ಯ ರೂಢಿಯಲ್ಲಿ ಮೊದಲು ನಿರ್ಮಾಣ ಸಂಸ್ಥೆ, ಮುಖ್ಯ ನಟರು, ಚಿತ್ರದ ಹೆಸರು, ಆಮೇಲೆ ತಂತ್ರಜ್ಞರು, ನಿರ್ಮಾಪಕರು, ಕೊನೆಗೆ ನಿರ್ದೇಶಕರು. ನಮ್ಮ ಮಾದರಿಯಂತೆ ಚಿತ್ರದ ಹೆಸರನ್ನು ಕೊನೆಗೆ ಇಡುವುದೂ ಉಂಟು. ಒಂದೊಂದಕ್ಕೆ 3 ಸೆಕೆಂಡಿನಂತೆ 12 ಕಾರ್ಡ್ ಅಂದರೂ 36 ಸೆಕೆಂಡ್, ಅಂದರೆ ನಿಮ್ಮ ಸಮಯದ ಕಾಲುಭಾಗಕ್ಕಿಂತ ಹೆಚ್ಚು. ಕಾರಿಡಾರಿನ ಖಾಲಿ ಗೋಡೆ, ಮೆಟ್ಟಿಲ ಕಂಬಿಯ ಪಕ್ಕದ ಕತ್ತಲು ಇಂಥ ಕಡೆ ಅಕ್ಷರ ಕೂರುವಂತೆ ಚೌಕಟ್ಟು ಇಟ್ಟಿರಬೇಕು. ಸ್ವಿಚ್ಚಿನ ಶಾಟ್ ಮೇಲೆ ಮಾತ್ರ ಯಾವ ಹೆಸರೂ ಬೇಡ. ಓದುವ ಕಣ್ಣಿಗೆ ಕೈ ಕಾಣುವುದಿಲ್ಲ.

ಶೂಟಿಂಗಿನಲ್ಲಿ ಕೆಡುವುದು ಬೆಳಕು. ರಾತ್ರಿಯ ದೃಶ್ಯವೆಂದು ನಿಜವಾಗಿಯೂ ಕತ್ತಲಲ್ಲಿ ತೆಗೆದರೆ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿಕೊಳ್ಳುವ ಮಟ್ಟ) ಏರಿ ಚಿತ್ರದ ತುಂಬ ಕಾಳುಕಾಳು. ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ ತೆಗೆದು ಗ್ರೇಡಿಂಗಿನಲ್ಲಿ (ಎಡಿಟಿಂಗ್ ವೇಳೆ ಬಣ್ಣ, ಬೆಳಕು ತಿದ್ದುವಾಗ) ಕಪ್ಪಾಗಿಸಿ, ಇಲ್ಲವೇ ಒಂದೇ ದೀಪವನ್ನು ಪಕ್ಕದಿಂದ ಬಲವಾಗಿ ಬಿಟ್ಟು ಇನ್ನೊಂದು ಬದಿಗೆ ಕಪ್ಪು ಬಟ್ಟೆ ಹಿಡಿಯಿರಿ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಎರಡನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಅವನು ಸ್ವಿಚ್ ಒತ್ತಿದ ಕೂಡಲೇ ಇಡೀ ಚೌಕಟ್ಟು ಬೆಳ್ಳಗಾಗಿ ಮತ್ತೆ ಇಳಿಯುತ್ತದೆ. ಬ್ರಿಟನ್ನಿನಲ್ಲೂ ಭಾರತದಲ್ಲೂ ವಿದ್ಯುತ್ 50 ಹರ್ಟ್ಸ್. ಆದ್ದರಿಂದ ಸೆಕೆಂಡಿಗೆ 25 ಫ್ರೇಮಿನಲ್ಲಿ ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟಿನ ಮಿಣಮಿಣ ಬರುವುದಿಲ್ಲ. ಬಾಗಿಲು ತೆರೆಯುವ ಕ್ರಿಯೆಯನ್ನು ಹೊರಗಿನಿಂದ ಪೂರ್ತಿ, ಒಳಗಿನಿಂದ ಪೂರ್ತಿ ತೆಗೆಯಿರಿ. ಕೈ ಚಲಿಸುತ್ತಿರುವಾಗಲೇ ಕತ್ತರಿಸಿದರೆ ಕಟ್ ಕಾಣದು. ಪ್ರತಿ ಶಾಟ್‌ಗೂ ಹಿಂದೆ ಮುಂದೆ 5 ಸೆಕೆಂಡ್ ಹೆಚ್ಚು ಓಡಿಸಿ. ಆಟಿಕೆಯ ಆಯುಧವನ್ನಾದರೂ ಬೀದಿಯಲ್ಲಿ ಬಳಸುವುದಿದ್ದರೆ ಪೊಲೀಸರಿಗೆ ಮೊದಲೇ ತಿಳಿಸಲೇಬೇಕು.

ಸದ್ದಿಗೆ ಬೇರೆಯೇ ಒಂದು ದಿನ ಇಡಿ. ಕೀಲಿ, ಚಮಚ, ನೀರು ಕುದಿಯುವುದು, ಮೆಟ್ಟಿಲ ಮೇಲಿನ ಹೆಜ್ಜೆ ಪ್ರತಿಯೊಂದನ್ನೂ ಮೈಕ್ ಹತ್ತಿರ ಹಿಡಿದು ಮತ್ತೆ ರೆಕಾರ್ಡ್ ಮಾಡಿ. ಪ್ರತಿ ಜಾಗದ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಪ್ರತಿ ಕಟ್‌ನಲ್ಲಿ ಹಿನ್ನೆಲೆ ಜಿಗಿಯುವುದು ಕೇಳಿಸುತ್ತದೆ. ಎದೆ ನಡುಗಿಸುವಂಥ ಮಂದ್ರ ಗುಂಯ್‌ಗುಡುವಿಕೆ ಹೆಡ್‌ಫೋನಿನಲ್ಲಿ ಅದ್ಭುತ, ಆದರೆ 40 ಹರ್ಟ್ಸಿನ ಸದ್ದು ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ. 150ರಿಂದ 200 ಹರ್ಟ್ಸಿನ ಆಸುಪಾಸು ಇನ್ನೊಂದು ಪದರ ಸೇರಿಸಿ. ಎರಡು ನಿಮಿಷವೂ ಸಂಗೀತ ಬಾರಿಸಿದರೆ ಕಿವಿ ಒಗ್ಗಿಹೋಗುತ್ತದೆ. ನಮ್ಮ ಮಾದರಿಯಲ್ಲಿ ಅವಳು ಬಾಗಿಲು ಮುಟ್ಟಿದ ಕೂಡಲೇ ಸಂಗೀತ ನಿಂತು ಚಮಚದ ಸದ್ದು ಮಾತ್ರ ಉಳಿಯಬೇಕು.

ಮೊದಲ ಸಲದ ಎಡಿಟಿಂಗ್ ಮುಗಿದ ಮೇಲೆ ಕಥೆ ಗೊತ್ತಿಲ್ಲದ ಐದಾರು ಜನರಿಗೆ ಒಬ್ಬೊಬ್ಬರಿಗೇ ತೋರಿಸಿ, ಒಂದು ಮಾತೂ ವಿವರಿಸದೆ ಮೂರು ಪ್ರಶ್ನೆ ಕೇಳಿ: ಏನಾಯಿತು, ಮುಂದೆ ಏನಾಗಬಹುದು, ಏನು ತಿಳಿದುಕೊಳ್ಳಬೇಕೆನ್ನಿಸುತ್ತಿದೆ? ಮೊದಲನೆಯದಕ್ಕೆ ಎಲ್ಲರ ಉತ್ತರವೂ ಹೆಚ್ಚು ಕಡಿಮೆ ಒಂದೇ ಆಗಿರಬೇಕು, ಬೇರೆ ಬೇರೆಯಾದರೆ ಶಾಟ್‌ಗಳು ಅಸ್ಪಷ್ಟ. ಎರಡನೆಯದಕ್ಕೆ ಬೇರೆ ಬೇರೆ ಉತ್ತರ ಬರಬೇಕು, ಎಲ್ಲರೂ ಒಂದೇ ಹೇಳಿದರೆ ಗುಟ್ಟು ಬಯಲಾಗಿದೆ. ಮೂರನೆಯದಕ್ಕೆ ಸ್ವಿಚ್ಚಿನ ಮಾತು ಯಾರ ಬಾಯಿಂದಲೂ ಬಾರದಿದ್ದರೆ ಆ ಶಾಟನ್ನು ಒಂದು ಸೆಕೆಂಡ್ ಹೆಚ್ಚಿಸಿ, ಅದರ ಹಿಂದಿನ ಟೈಟಲನ್ನು ಇನ್ನಷ್ಟು ಮೊದಲೇ ಮುಗಿಸಿ, ಹೊಸ ಜನರಿಗೆ ತೋರಿಸಿ.