ಕಾನೂನು ಬದಲಾಯಿತು, ಆದರೆ ಯಾವತ್ತಿನಿಂದ?

2025ರ ನವೆಂಬರ್ 21, ಶುಕ್ರವಾರ. ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಇವತ್ತಿನಿಂದಲೇ ಜಾರಿ ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಇವುಗಳಲ್ಲಿ ವೇತನದ ಸಂಹಿತೆ ಸಂಸತ್ತಿನಲ್ಲಿ ಪಾಸಾಗಿದ್ದು 2019ರಲ್ಲಿ. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿ ಕುರಿತ ಉಳಿದ ಮೂರು 2020ರ ಸೆಪ್ಟೆಂಬರ್‌ನಲ್ಲಿ ಪಾಸಾದವು. ಐದಾರು ವರ್ಷ ಕಪಾಟಿನಲ್ಲಿದ್ದ ಕಾನೂನು ಒಂದು ದಿನದ ಮುನ್ಸೂಚನೆಯೂ ಇಲ್ಲದೆ ಜಾರಿಯಾಯಿತು. ಅದೂ ತಿಂಗಳ 21ನೇ ತಾರೀಖು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಮೂವತ್ತು ಜನರನ್ನು ಇಟ್ಟುಕೊಂಡು ವರ್ಕ್‌ಶಾಪ್ ನಡೆಸುವವರಿಗೆ ಮೊದಲು ಎದ್ದ ಪ್ರಶ್ನೆ ಒಂದೇ. ಈ ತಿಂಗಳ ಸಂಬಳವನ್ನು ಯಾವ ಕಾನೂನಿನ ಪ್ರಕಾರ ಲೆಕ್ಕ ಹಾಕಬೇಕು?

ನಮ್ಮಲ್ಲಿ ಕಾರ್ಮಿಕ ಕಾನೂನುಗಳು ಜಾಸ್ತಿ ಎಂಬ ದೂರು ಹಳೆಯದು. ಅದರಲ್ಲಿ ಸತ್ಯ ಇಲ್ಲವೆಂದಲ್ಲ. ಆದರೆ ಹಿಂದಿನ ಕಥೆಯನ್ನು ತಿರುವಿ ನೋಡಿದರೆ ತೊಡಕು ಹೆಚ್ಚಾಗಿ ಬೇರೆ ಕಡೆ ಕಾಣುತ್ತದೆ. ಕಾನೂನು ಪಾಸಾಗುವ ದಿನ, ಗೆಜೆಟ್‌ನಲ್ಲಿ ಬರುವ ದಿನ, ಜಾರಿಯಾಗುವ ದಿನ, ಕೋರ್ಟ್ ತಡೆ ಕೊಡುವ ದಿನ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಆ ದಿನಗಳ ನಡುವಿನ ಅಂತರದಲ್ಲಿ ಮಾಲೀಕರು ಊಹೆಯ ಮೇಲೆ ನಡೆಯುತ್ತಾರೆ. ಊಹೆ ತಪ್ಪಿದಾಗ ಹೊಡೆತ ಬೀಳುವುದು ಬಹಳ ಸಲ ಕೆಲಸಗಾರರ ಜೇಬಿಗೆ.

1881ರಲ್ಲಿ ಮೊದಲ ಫ್ಯಾಕ್ಟರಿ ಕಾಯ್ದೆ, 1923ರಲ್ಲಿ ಅಪಘಾತ ಪರಿಹಾರ, 1936ರಲ್ಲಿ ವೇತನ ಪಾವತಿ, 1942ರಲ್ಲಿ ಮೈಸೂರು ಸಂಸ್ಥಾನದ್ದೇ ಕಾರ್ಮಿಕ ಕಾಯ್ದೆ, 1947ರಲ್ಲಿ ಕೈಗಾರಿಕಾ ವಿವಾದ, 1948ರಲ್ಲಿ ಕನಿಷ್ಠ ವೇತನ ಮತ್ತು ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), 1952ರಲ್ಲಿ ಪಿಎಫ್, 1961ರಲ್ಲಿ ಹೆರಿಗೆ ಸೌಲಭ್ಯ, 1965ರಲ್ಲಿ ಬೋನಸ್, 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ, 1972ರಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ). ಒಂದೊಂದೂ ಆ ಕಾಲದ ನಿಜವಾದ ಕಷ್ಟಕ್ಕೆ ಉತ್ತರವಾಗಿಯೇ ಬಂತು. ಆದರೆ ಒಂದೊಂದಕ್ಕೂ ತನ್ನದೇ ಲೆಕ್ಕ. ಇಎಸ್‌ಐ ಅನ್ವಯಿಸಲು ಘಟಕದಲ್ಲಿ ಹತ್ತು ಜನ ಸಾಕು, ಪಿಎಫ್‌ಗೆ ಇಪ್ಪತ್ತು ಬೇಕು. ಸಂಬಳ ಎಂದರೆ ಏನು ಎಂಬುದಕ್ಕೆ ಬೋನಸ್ ಕಾಯ್ದೆಯಲ್ಲಿ ಒಂದು ಉತ್ತರ, ಪಿಎಫ್ ಕಾಯ್ದೆಯಲ್ಲಿ ಇನ್ನೊಂದು. ಸಾಲದ್ದಕ್ಕೆ ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು.

ಪಾಸಾಗುವುದೇ ಬೇರೆ, ಜಾರಿಯಾಗುವುದೇ ಬೇರೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಬೆಂಗಳೂರು ಜಲಮಂಡಳಿಯ ಕೆಲವು ನೌಕರರು ತಮಗೆ ಹಾಕಿದ ದಂಡದ ವಿರುದ್ಧ ಲೇಬರ್ ಕೋರ್ಟಿಗೆ ಹೋದರು. ಜಲಮಂಡಳಿ ‘ಕೈಗಾರಿಕೆ’ಯೇ ಅಲ್ಲ, ಈ ಕೋರ್ಟಿಗೆ ಅಧಿಕಾರವಿಲ್ಲ ಎಂಬ ವಾದ ಬಂತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಕೈಗಾರಿಕೆ’ಯ ಅರ್ಥವನ್ನು ಬಹಳ ವಿಸ್ತಾರ ಮಾಡಿತು. ಆಸ್ಪತ್ರೆ, ಕಾಲೇಜು, ಕ್ಲಬ್ಬುಗಳೂ ಅದರೊಳಗೆ ಬಂದವು. ಅದನ್ನು ಕಿರಿದು ಮಾಡಲು ಸಂಸತ್ತು 1982ರಲ್ಲಿ ತಿದ್ದುಪಡಿ ಪಾಸು ಮಾಡಿತು. ಆ ಭಾಗ ಜಾರಿಯಾಗಲೇ ಇಲ್ಲ. ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಅದು ಪುಸ್ತಕದಲ್ಲಿತ್ತು, ಜಾರಿಯಲ್ಲಿರಲಿಲ್ಲ. ಆಸ್ಪತ್ರೆಯನ್ನೋ ಶಾಲೆಯನ್ನೋ ನಡೆಸುವವರು ತಿದ್ದುಪಡಿಯಾದ ಪಠ್ಯವನ್ನೇ ಓದಿ ತಮಗೆ ಕೈಗಾರಿಕಾ ವಿವಾದ ಕಾಯ್ದೆ ಅನ್ವಯಿಸದು ಅಂದುಕೊಂಡಿದ್ದರೆ, ಅದು ತಪ್ಪು ಓದು.

ಆಮೇಲಿನ ವರ್ಷಗಳನ್ನು ಬೇಗ ದಾಟಬಹುದು. ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರಲ್ಲಿ ವರದಿ ಕೊಟ್ಟಿತು. ಕಾನೂನುಗಳನ್ನೆಲ್ಲ ಕೆಲವೇ ಗುಂಪು ಮಾಡಿ ಎಂದಿತು. ಅದು ನಿಜವಾಗಲು ಎರಡು ದಶಕ ಹಿಡಿಯಿತು. ಸಣ್ಣ ಮಾಲೀಕರಿಗೂ ಕೆಲಸಗಾರರಿಗೂ ನಿಜವಾಗಿ ತಲೆಕೆಟ್ಟಿದ್ದು 2014ರಿಂದ ಈಚೆಗೆ. ಆ ಕಾಲದ ಸಂಗತಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಬೋನಸ್. ಬೋನಸ್‌ಗೆ ಅರ್ಹತೆಯ ಸಂಬಳ ಮಿತಿಯನ್ನು 10,000 ರೂಪಾಯಿಯಿಂದ 21,000ಕ್ಕೆ, ಬೋನಸ್ ಲೆಕ್ಕ ಹಾಕುವ ಸಂಬಳದ ಮಿತಿಯನ್ನು 3,500ರಿಂದ 7,000ಕ್ಕೆ ಏರಿಸುವ ತಿದ್ದುಪಡಿ 2016ರ ಜನವರಿ 1ರ ಗೆಜೆಟ್‌ನಲ್ಲಿ ಬಂತು. ಏರಿಕೆ ನ್ಯಾಯವೇ. ಬೆಲೆಗಳು ಎಲ್ಲಿಗೋ ಹೋಗಿದ್ದವು. ಆದರೆ ಜಾರಿ ಯಾವತ್ತಿನಿಂದ? 2014ರ ಏಪ್ರಿಲ್ 1ರಿಂದ! 2014–15ರ ಲೆಕ್ಕ ಮುಚ್ಚಿಯಾಗಿತ್ತು. ಆಯುಧಪೂಜೆಗೆ ಬೋನಸ್ ಹಂಚಿಯೂ ಆಗಿತ್ತು. ಹಿಂದಿನ ವರ್ಷಕ್ಕೆ ಅನ್ವಯಿಸುವುದಕ್ಕೆ ಕೇರಳ, ಕರ್ನಾಟಕ ಸೇರಿದಂತೆ ಕೆಲವು ಹೈಕೋರ್ಟ್‌ಗಳು ತಡೆ ಕೊಟ್ಟವು. ಒಂದೇ ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಸ್ಥಿತಿಯಲ್ಲಿ ಉಳಿಯಿತು.

2016ರ ಫೆಬ್ರುವರಿಯಲ್ಲಿ ಪಿಎಫ್ ನಿಯಮ ಬದಲಾಯಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಯಿತು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಮುಪ್ಪಿನ ಹಣ ಮಾತ್ರವಲ್ಲ. ಮಕ್ಕಳ ಫೀಸು, ಮನೆಯ ಸಾಲ, ಮದುವೆ, ಎಲ್ಲಕ್ಕೂ ಅದೇ ಆಧಾರ. ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆ ಸಾವಿರಾರು ಮಂದಿ ಮಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಗೂ ಹಬ್ಬಿತು. 19ರಂದೇ ಕೇಂದ್ರ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಈ ಘಟನೆಯನ್ನು ಕಾನೂನು–ಸುವ್ಯವಸ್ಥೆಯ ಪ್ರಶ್ನೆಯಾಗಿ ಮಾತ್ರ ನೋಡಿದವರೇ ಜಾಸ್ತಿ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಎರಡು ತಿಂಗಳ ಹಿಂದೆ ಬದಲಾದ ನಿಯಮವನ್ನು ಯಾರಿಂದ ಹಣ ಕಡಿತವಾಗುತ್ತದೋ ಅವರ ಮುಂದೆ ಕೂತು, ಅವರ ಭಾಷೆಯಲ್ಲಿ ಬಿಡಿಸಿ ಹೇಳುವ ವ್ಯವಸ್ಥೆಯೇ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡಿತು, ಭಯದ ಜೊತೆಗೆ.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದೇ ವರ್ಷ ಇಎಸ್‌ಐಗೆ ಒಳಪಡುವ ಸಂಬಳದ ಮಿತಿ 15,000ದಿಂದ 21,000ಕ್ಕೆ ಹೋಯಿತು. 2019ರ ಜುಲೈಯಿಂದ ಇಎಸ್‌ಐ ವಂತಿಗೆ ಒಟ್ಟು ಶೇ 6.5ರಿಂದ ಶೇ 4ಕ್ಕೆ ಇಳಿಯಿತು. ಇವೆಲ್ಲ ಜಾರಿಯ ದಿನ ಸ್ಪಷ್ಟವಾಗಿದ್ದ ಬದಲಾವಣೆಗಳು. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯಿತು. ದಿನ ಸ್ಪಷ್ಟವಾಗಿದ್ದರೆ ದೊಡ್ಡ ಬದಲಾವಣೆಯೂ ನಿಭಾಯಿಸಲು ಬರುತ್ತದೆ, ಅಲ್ವಾ?

ಕೋವಿಡ್ ಬಂದಾಗ ಆ ಸ್ಪಷ್ಟತೆ ಪೂರ್ತಿ ಹೋಯಿತು. 2020ರ ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಯವರೆಗೆ ಕೆಲಸಕ್ಕೆ ಅವಕಾಶ ಕೊಟ್ಟಿತು. ವಿಷಯ ಹೈಕೋರ್ಟಿಗೆ ಹೋಯಿತು. ಜೂನ್ 11ರಂದು ಆದೇಶ ವಾಪಸಾಯಿತು. ಬದುಕಿದ್ದು ಮೂರು ವಾರ. ಶಿಫ್ಟ್ ಪಟ್ಟಿ ಬದಲಿಸಿದವರು ಮತ್ತೆ ಹಳೆಯದಕ್ಕೆ ಬಂದರು. ಆ ಮೂರು ವಾರದ ಓಟಿ ಲೆಕ್ಕ ಎಷ್ಟು ಕಡೆ ಸರಿಯಾಗಿ ಚುಕ್ತಾ ಆಯಿತೆಂದು ಕೇಳುವವರಿರಲಿಲ್ಲ.

ಅದಕ್ಕಿಂತ ದೊಡ್ಡ ಗಾಯ ವಿಡಿಎಯದ್ದು. ಬೆಲೆ ಏರಿಕೆಗೆ ತಕ್ಕಂತೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಅದು. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ ಸೇರಬೇಕಿತ್ತು. ಜುಲೈನಲ್ಲಿ ಸರ್ಕಾರ ಈ ಏರಿಕೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಕಾರ್ಮಿಕ ಸಂಘಟನೆ ಕೋರ್ಟಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಹಾಗಾದರೆ ಏರಿಕೆ ಕೊಡಬೇಕಿತ್ತು. ಆದರೆ ಅಂತಿಮ ತೀರ್ಪು ಬರಲಿ ಎಂದು ಬಹಳಷ್ಟು ಕಾರ್ಖಾನೆಗಳು ಕಾದವು. ಪಕ್ಕದವರು ಕೊಟ್ಟಿಲ್ಲ, ನಾವೇಕೆ ಮೊದಲು ಕೊಡಬೇಕು ಎಂಬ ಮಾತು ಸಾಮಾನ್ಯವಾಗಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಹಣ ನಿಂತಿತು. ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ ದೊಡ್ಡ ಕಾರ್ಖಾನೆಗಳು ಅರಿಯರ್ಸ್ ಕೊಡಲು ಶುರುಮಾಡಿದವು.

417 ಸಣ್ಣ ಅಂಕಿ ಅನಿಸಬಹುದು. ವರ್ಷಕ್ಕೆ 5,004. ಐನೂರು ಜನರಿರುವ ಕಾರ್ಖಾನೆಗೆ ವರ್ಷಕ್ಕೆ 25 ಲಕ್ಷ. ತಿಂಗಳು ತಿಂಗಳು ಕೊಟ್ಟಿದ್ದರೆ ವಸ್ತುವಿನ ದರದಲ್ಲಿ ಸೇರಿಸಿಕೊಳ್ಳಬಹುದಿತ್ತು. ಎರಡು ವರ್ಷದ್ದು ಒಟ್ಟಿಗೆ ಬಂದಾಗ ಹಳೆಯ ಆರ್ಡರ್‌ಗಳ ದರ ಆಗಲೇ ನಿಗದಿಯಾಗಿ ಹೋಗಿತ್ತು. ಅತ್ತ ಕೆಲಸಗಾರರಿಗೆ ಲಾಕ್‌ಡೌನ್ ಹೊತ್ತಿನಲ್ಲಿ ಬೇಕಿದ್ದ ಹಣ ಆ ಹೊತ್ತಿಗೆ ಸಿಗಲಿಲ್ಲ. ನಡುವೆ ಕೆಲಸ ಬಿಟ್ಟು ಊರಿಗೆ ಹೋದವರನ್ನು ಹುಡುಕಿ ಕೊಡುವುದು ಇನ್ನೂ ಕಷ್ಟ. ಅಸ್ಪಷ್ಟ ಸ್ಥಿತಿಯಿಂದ ಯಾರಿಗಾದರೂ ಲಾಭವಾಯಿತು ಎಂದು ನನಗೆ ಅನಿಸುವುದಿಲ್ಲ.

ಈಗ ಹೊಸ ಸಂಹಿತೆಗಳಿಗೆ ಬರೋಣ. 29 ಕೇಂದ್ರ ಕಾನೂನುಗಳು ನಾಲ್ಕಾಗಿವೆ. ಅತಿ ಮುಖ್ಯ ಬದಲಾವಣೆ ಸಂಬಳದ ಅರ್ಥದಲ್ಲಿದೆ. ಭತ್ಯೆಗಳು ಒಟ್ಟು ಮೊತ್ತದ ಅರ್ಧಕ್ಕಿಂತ ಜಾಸ್ತಿಯಾದರೆ, ಹೆಚ್ಚಾದ ಭಾಗ ಸಂಬಳಕ್ಕೇ ಸೇರುತ್ತದೆ. ಒಬ್ಬರಿಗೆ ತಿಂಗಳಿಗೆ 30,000 ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಬೇಸಿಕ್ 10,000, ಭತ್ಯೆ 20,000. ಭತ್ಯೆಯಲ್ಲಿ 15,000 ಮೀರಿದ 5,000 ಸಂಬಳಕ್ಕೆ ಸೇರಿ, ಲೆಕ್ಕದ ಸಂಬಳ 15,000 ಆಗುತ್ತದೆ. ಹತ್ತು ವರ್ಷ ದುಡಿದವರ ಗ್ರಾಚ್ಯುಟಿ ಮೊದಲು ಸುಮಾರು 57,700 ಇದ್ದದ್ದು ಈಗ 86,500ರ ಆಸುಪಾಸು. ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ಮಾಡುವ ಪದ್ಧತಿ ಎಷ್ಟು ಹರಡಿತ್ತು ಎಂದರೆ, ಅದೇ ಸರಿಯಾದ ಕ್ರಮ ಎಂದು ಹೊಸ ಮಾಲೀಕರಿಗೆ ಕಲಿಸಲಾಗುತ್ತಿತ್ತು. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆಯೂ ಪಿಎಫ್ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲೇ ಹೇಳಿತ್ತು. ಆ ಎಚ್ಚರಿಕೆಯನ್ನು ಕೇಳಿಸಿಕೊಂಡವರಿಗೆ ಈಗ ಹೊರೆ ಕಡಿಮೆ.

ಬೇರೆಯವೂ ಇವೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಲು ಹಿಂದೆ 10 ಜನ ಸಾಕಿತ್ತು, ಈಗ 20 ಬೇಕು. ಮುಚ್ಚಲು ಅಥವಾ ಜನರನ್ನು ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ಈ ಕೊನೆಯದರ ಬಗ್ಗೆ ಕಾರ್ಮಿಕ ಸಂಘಗಳಿಗೆ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. 150 ಜನರ ಘಟಕದಲ್ಲಿ ನಿನ್ನೆಯವರೆಗೆ ಇದ್ದ ರಕ್ಷಣೆ ಇವತ್ತಿಲ್ಲ.

ನವೆಂಬರ್ 21ರ ನಂತರದ ಸ್ಥಿತಿ ಹೀಗಿತ್ತು: ಸಂಹಿತೆ ಜಾರಿ, ಆದರೆ ಅದನ್ನು ಹೇಗೆ ನಡೆಸಬೇಕೆಂದು ಹೇಳುವ ಕೇಂದ್ರದ ನಿಯಮಗಳ ಹೊಸ ಕರಡು ಬಂದಿದ್ದು ಡಿಸೆಂಬರ್ ಕೊನೆಗೆ. ರಾಜ್ಯಗಳು ತಮ್ಮ ನಿಯಮ ಬೇರೆ ಮಾಡಬೇಕು. ಅಲ್ಲಿಯವರೆಗೆ ಹೊಸದಕ್ಕೆ ವಿರುದ್ಧವಲ್ಲದ ಹಳೆಯ ನಿಯಮ ನಡೆಯುತ್ತದೆ. ಯಾವುದು ವಿರುದ್ಧ, ಯಾವುದು ಅಲ್ಲ ಎಂದು ತೀರ್ಮಾನಿಸುವ ಕೆಲಸ ಮಾಲೀಕರ ತಲೆಗೆ ಬಂತು. ದೊಡ್ಡ ಐಟಿ ಕಂಪನಿಗಳು ಡಿಸೆಂಬರ್ ತ್ರೈಮಾಸಿಕದಲ್ಲೇ ಹೊಸ ಸಂಹಿತೆಯ ಹೊರೆಗೆಂದು ದೊಡ್ಡ ಮೊತ್ತ ತೆಗೆದಿಟ್ಟವು. ಅವುಗಳಿಗೆ ಲೆಕ್ಕ ಹಾಕುವ ತಂಡಗಳಿವೆ. ಸಣ್ಣ ಘಟಕಕ್ಕೆ ಇರುವುದು ವಾರಕ್ಕೊಮ್ಮೆ ಬರುವ ಅಕೌಂಟೆಂಟ್ ಮತ್ತು ಪಿಎಫ್ ಚಲನ್ ಕಟ್ಟಿಕೊಡುವ ಕನ್ಸಲ್ಟೆಂಟ್.

ಇದರ ಮೇಲೆ ರಾಜ್ಯದ ಬದಲಾವಣೆಗಳು. 2023ರಲ್ಲಿ ಕರ್ನಾಟಕ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ಅವಕಾಶ ಮಾಡಿತು. 2025ರ ಅಕ್ಟೋಬರ್‌ನಲ್ಲಿ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ನವೆಂಬರ್‌ನಲ್ಲಿ ಆದೇಶವಾಯಿತು. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 9ರಂದು ಕೋರ್ಟ್ ಮೊದಲು ತಡೆ ಕೊಟ್ಟು, ಅದೇ ದಿನ ಅದನ್ನು ವಾಪಸ್ ಪಡೆಯಿತು. ಮಹಿಳೆಯರಿಗೆ ಈ ರಜೆ ಬೇಕು ಎಂದು ಒಪ್ಪುವ ಮಾಲೀಕರೂ ಆ ದಿನ ಸೂಪರ್‌ವೈಸರ್‌ಗೆ ಏನು ಹೇಳಬೇಕೆಂದು ತಿಳಿಯದೆ ಕೂತಿದ್ದರು.

ಅಧಿಸೂಚನೆಗೂ ಜಾರಿಗೂ ನಡುವೆ ಕನಿಷ್ಠ ಒಂದು ಪೂರ್ತಿ ಸಂಬಳದ ತಿಂಗಳು ಬಿಡಬೇಕು, ಜಾರಿ ಯಾವಾಗಲೂ ತಿಂಗಳ ಒಂದನೇ ತಾರೀಖಿನಿಂದ ಆಗಬೇಕು, ಅದರ ಕನ್ನಡ ವಿವರ ಅದೇ ದಿನ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಬರಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ನಿಯಮಗಳಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳಿವೆ. ಇರುವ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡುವುದು. ಬೇಸಿಕ್ ಮತ್ತು ಭತ್ಯೆಯ ಪಾಲನ್ನು ಒಬ್ಬೊಬ್ಬರದೂ ನೋಡುವುದು. ತುರ್ತಾಗಿ ಬೇಕಿರುವುದು ಇನ್ನೊಂದು. ಕೆಲಸಗಾರರು ಬಿಟ್ಟರೂ, ತೆಗೆದರೂ, ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಮುಂದಿನ ತಿಂಗಳು 10ಕ್ಕೆ ಬಾ, ಸೆಟಲ್‌ಮೆಂಟ್ ಮಾಡೋಣ’ ಎನ್ನುವ ರೂಢಿ ಇನ್ನು ನಡೆಯುವುದಿಲ್ಲ. ಹಾಜರಿ, ಓಟಿ, ಅಡ್ವಾನ್ಸ್ ಲೆಕ್ಕವನ್ನು ಆಯಾ ದಿನವೇ ಬರೆದಿಡದ ಘಟಕಕ್ಕೆ ಆ ಎರಡು ದಿನ ಸಾಲುವುದಿಲ್ಲ.